ಕೆಂಪು ಶಾಯಿಯ ಹೆಬ್ಬೆಟ್ಟು

ಜಪಾನಿಗೆ ಬಂದ ಮೂರನೆಯ ದಿನ ನಾನು ಹೆಬ್ಬೆಟ್ಟಾದೆ. ಬಿ.ಕಾಂ. ಓದಿದವಳು, ಬೆಂಗಳೂರಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆಯಾಗಿದ್ದವಳು, ವಠಾರದವರ ಅರ್ಜಿಗಳನ್ನೆಲ್ಲ ಬರೆದುಕೊಡುತ್ತಿದ್ದವಳು, ಇಲ್ಲಿನ ವಾರ್ಡ್ ಕಚೇರಿಯ ಕೌಂಟರಿನ ಮುಂದೆ ಕಾಗದ ಹಿಡಿದು ನಿಂತಿದ್ದೆ. ಅದು ನೆಟ್ಟಗಿದೆಯೋ ತಲೆಕೆಳಗಾಗಿದೆಯೋ ತಿಳಿಯಲಿಲ್ಲ. ಕೌಂಟರಿನಾಕೆ ಎರಡೂ ಕೈ ಚಾಚಿ, ನನಗೆ ಅವಮಾನ ಆಗಬಾರದೆಂಬಂತೆ ಮೆಲ್ಲಗೆ ಕಾಗದವನ್ನು ತಿರುಗಿಸಿ ಕೊಟ್ಟರು. ಪಕ್ಕದಲ್ಲಿದ್ದ ಆರು ವರ್ಷದ ಮಗಳು ಚಿನ್ಮಯಿ, "ಅಮ್ಮಾ, ನಿಂಗೆ ಓದಕ್ ಬರಲ್ವಾ?" ಎಂದಳು. ನನ್ನ ಗಂಡ ಮಂಜುಗೆ ಅಷ್ಟೇ ಸಾಕಾಯಿತು. ಹೆಸರು ಶಾರದೆ, ಓದಲು ಬಾರದೆ ಎಂದು ಮನೆ ತಲುಪುವವರೆಗೂ ರೇಗಿಸಿದ. ನಾನೂ ನಕ್ಕೆ. ನಿಜಕ್ಕೂ ಅದು ನನಗೆ ನಗುವ ಮಾತಾಗಿರಲಿಲ್ಲ.

ಯಾಕೆಂದರೆ ನಮ್ಮಮ್ಮ ಹೆಬ್ಬೆಟ್ಟಿನವಳು. ಕಾಟನ್‌ಪೇಟೆಯ ಒಂಬತ್ತು ಮನೆಯ ವಠಾರದಲ್ಲಿ ಊದುಬತ್ತಿ ಹೊಸೆದು ನನ್ನನ್ನು ಓದಿಸಿದಳು. ಎಲ್ಲಿ ಹೆಬ್ಬೆಟ್ಟು ಒತ್ತಿದರೂ ಬೆರಳಿಗೆ ಅಂಟಿದ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುವುದು ಅವಳ ಅಭ್ಯಾಸ. ನಾನು ಕೆಲಸಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ವಠಾರದ ಮಾಲೀಕರ ಕಡೆಯವನೊಬ್ಬ ಬಂದ. ನಲ್ಲಿ ಹಾಕಿಸಲು ಅರ್ಜಿ ಎಂದು ಹೇಳಿ ಒಂದು ಕಾಗದಕ್ಕೆ ಅವಳ ಹೆಬ್ಬೆಟ್ಟು ತೆಗೆದುಕೊಂಡು ಹೋದ. ಅದು ಮನೆ ಖಾಲಿ ಮಾಡಲು ಒಪ್ಪಿಗೆ ಎಂದು ನಮಗೆ ತಿಳಿದಿದ್ದು ಬಾಗಿಲಿಗೆ ಆಳುಗಳು ಬಂದು ನಿಂತಾಗ. ಈಗ ಅಲ್ಲಿ ಬಟ್ಟೆ ಅಂಗಡಿಗಳ ನಾಲ್ಕು ಮಹಡಿ ಎದ್ದಿದೆ. ಅಮ್ಮ ಯಾರದೋ ಮನೆಯ ಹಿಂಭಾಗದ ಶೀಟಿನ ಕೋಣೆಯಲ್ಲಿ ತೀರಿಕೊಂಡಳು. ಸಾಯುವವರೆಗೂ ಒಂದೇ ಮಾತು: "ಓದ್ದೇ ಯಾವುದಕ್ಕೂ ಒತ್ಬೇಡ ಕಣೇ. ನಾನು ಒತ್ತಿ ಕೆಟ್ಟೆ."

ಅಂಥ ತಾಯಿಯ ಮಗಳು ನಾನು. ಮುಂದೆ ನಾನು ಮಾಡಿದ್ದನ್ನು ಓದುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಜಪಾನ್ ಎಂದೊಡನೆ ನಿಮಗೆ ನಿಶಿ ಕಸಾಯಿ ನೆನಪಾಗಬಹುದು. ಟೋಕಿಯೋದಲ್ಲಿ ನಮ್ಮವರೇ ತುಂಬಿರುವ ಬಡಾವಣೆ ಅದು. ಅಲ್ಲಿ ತೊಗರಿಬೇಳೆ ಸಿಗುತ್ತದೆ, ಕರಿಬೇವು ಸಿಗುತ್ತದೆ, ಪಾರ್ಕಿನಲ್ಲಿ ಬೆಂಗಳೂರಿನ ಕನ್ನಡ ಕಿವಿಗೆ ಬೀಳುತ್ತದೆ. ಮಂಜು ಅಲ್ಲಿನ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾನೆ. ನಾವಿದ್ದದ್ದು ಮಾತ್ರ ನದಿ ದಾಟಿ ಆಚೆ, ಹಳೆಯ ಮರದ ಮನೆಯ ಮೇಲಿನ ಒಂದು ಕೋಣೆಯಲ್ಲಿ. ಕಬ್ಬಿಣದ ಮೆಟ್ಟಿಲು ಹತ್ತಿದರೆ ಇಡೀ ಮನೆ ಅಲ್ಲಾಡುತ್ತಿತ್ತು. ಮೊದಮೊದಲು ಭಾನುವಾರ ನಿಶಿ ಕಸಾಯಿ ಪಾರ್ಕಿಗೆ ಹೋಗುತ್ತಿದ್ದೆ. ಒಳ್ಳೆಯ ಹೆಣ್ಣುಮಕ್ಕಳು, ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮವರು ಯಾವ ಕಂಪನಿ ಎಂದು ಕೇಳಿದರು. ದೋಸೆ ಹಾಕುತ್ತಾರೆ ಎಂದೆ. "ಓ, ನೈಸ್," ಎಂದರು. ಆಮೇಲೆ ಯುಗಾದಿಗೆ ನನಗೆ ಕರೆ ಬಂತು, ನಲವತ್ತು ಮಂದಿಗೆ ಒಬ್ಬಟ್ಟು ತಟ್ಟಿಕೊಡಬೇಕಂತೆ. ತಟ್ಟಿಕೊಟ್ಟೆ. ಊಟಕ್ಕೆ ಕೂರಿ ಎಂದು ಯಾರೂ ಹೇಳಲಿಲ್ಲ. ಬೇಕೆಂದು ಬಿಟ್ಟರು ಎಂದು ನಾನು ಹೇಳುವುದಿಲ್ಲ, ಮರೆತಿರಬೇಕು. ಆದರೆ ನಾನು ಮರೆತಿಲ್ಲ.

ವಠಾರದಲ್ಲಿ ಹೀಗಿರಲಿಲ್ಲ. ಒಂದು ನಲ್ಲಿಗೆ ಒಂಬತ್ತು ಮನೆಯವರು ಜಗಳವಾಡುತ್ತಿದ್ದೆವು. ಒಬ್ಬರ ಮನೆಯಲ್ಲಿ ಒಲೆ ಹಚ್ಚದಿದ್ದರೆ ಉಳಿದ ಎಂಟು ಮನೆಗೂ ಗೊತ್ತಾಗುತ್ತಿತ್ತು. ಇಲ್ಲಿ ಪಕ್ಕದ ಕೋಣೆಯಲ್ಲಿ ಯಾರಿದ್ದಾರೆಂದೇ ನನಗೆ ಏಳು ತಿಂಗಳು ತಿಳಿಯಲಿಲ್ಲ.

ಆ ನಡುವೆ ಹೋಟೆಲಿನ ವ್ಯಾಪಾರ ಬಿದ್ದುಹೋಯಿತು, ಮಾಲೀಕರು ಮಂಜುವಿನ ಸಂಬಳ ಇಳಿಸಿದರು. ನಾವು ಇಲ್ಲಿರುವುದು ಅವನ ಅಡುಗೆಯ ವೀಸಾದ ಮೇಲೆ. ಅವಧಿ ಮುಗಿದಾಗ ಅದು ಮುಂದುವರಿಯಬೇಕಾದರೆ ಮನೆ ನಡೆಯುವಷ್ಟು ಆದಾಯ ಇದೆ ಎಂದು ಕಾಗದದಲ್ಲಿ ತೋರಿಸಬೇಕು. ಅಂದರೆ ನನಗೂ ಒಂದು ಕೆಲಸ ಬೇಕು, ಅದು ನಿಲ್ಲಬೇಕು. ನಿಲ್ಲದಿದ್ದರೆ ಮೂವರೂ ವಾಪಸ್. ವಾಪಸ್ ಹೋಗಲು ಅಲ್ಲಿ ಮನೆಯೇ ಇರಲಿಲ್ಲ.

ಕೆಲಸ ಸಿಕ್ಕಿದ್ದು ಬೆಂತೋ ಕಾರ್ಖಾನೆಯಲ್ಲಿ. ಬೆಂತೋ ಎಂದರೆ ಡಬ್ಬಿ ಊಟ. ಕೊಂಬಿನಿಗಳಲ್ಲಿ, ಅಂದರೆ ಇಲ್ಲಿನ ಇಪ್ಪತ್ನಾಲ್ಕು ಗಂಟೆಯ ಅಂಗಡಿಗಳಲ್ಲಿ, ಅದನ್ನು ಜೋಡಿಸಿಟ್ಟಿರುತ್ತಾರೆ. ಓಡುವ ಪಟ್ಟಿಯ ಮೇಲೆ ಅನ್ನದ ಡಬ್ಬಿಗಳು ಬರುತ್ತವೆ. ಕಣ್ಣುಗಳ ಹೊರತು ಬೇರೇನೂ ಕಾಣದಂತೆ ಬಿಳಿ ಬಟ್ಟೆ ತೊಟ್ಟು ಸಾಲಾಗಿ ನಿಂತು ಒಬ್ಬರು ಮೀನು, ಒಬ್ಬರು ಸೊಪ್ಪು ಇಡಬೇಕು. ನನ್ನ ಕೆಲಸ ಅನ್ನದ ನಟ್ಟನಡುವೆ ಉಪ್ಪಿನಲ್ಲಿ ಹಾಕಿದ ಪುಟ್ಟ ಕೆಂಪು ಹಣ್ಣೊಂದನ್ನು ಇಡುವುದು. ಹಣ್ಣು ಕೊಂಚ ಪಕ್ಕಕ್ಕೆ ಸರಿದರೂ ಇಡೀ ಡಬ್ಬಿ ಕಸಕ್ಕೆ. ಮೊದಲ ದಿನ ನನ್ನ ಕೈಯಿಂದಲೇ ಹನ್ನೊಂದು ಊಟ ಕಸಕ್ಕೆ ಹೋದವು. ನೆಲಕ್ಕೆ ಬಿದ್ದ ಒಂದಗುಳನ್ನೂ ಕಣ್ಣಿಗೊತ್ತಿಕೊಂಡು ಎತ್ತಿಡುತ್ತಿದ್ದ ಮನೆಯವಳು ನಾನು, ಆ ತೊಟ್ಟಿ ನೋಡಿ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ಮುದುಕಿ ಅದನ್ನು ಕಂಡರು. ನನ್ನ ಮಣಿಕಟ್ಟು ಹಿಡಿದು, ಹಣ್ಣನ್ನು ಬೀಳಿಸದೆ ಇಳಿಸುವುದು ಹೇಗೆಂದು ತೋರಿಸಿದರು. ಅವರೇ ಮಿಯಾತಾ ಸಾನ್. ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ, ಹೆಸರಿನ ಹಿಂದೆ ಹಚ್ಚುವ ಮರ್ಯಾದೆ.

ಮಿಯಾತಾ ಸಾನ್‌ಗೆ ಎಪ್ಪತ್ತು ದಾಟಿತ್ತು. ಮದುವೆಯಾಗಿ ಗಂಡನನ್ನು ಬಿಟ್ಟಿದ್ದರು, ಮಕ್ಕಳಿರಲಿಲ್ಲ, ಉತ್ತರದ ಊರಿನಲ್ಲಿ ಒಬ್ಬ ತಮ್ಮ ಇದ್ದ. ಊಟದ ಹೊತ್ತಿಗೆ ಅವರ ಡಬ್ಬಿಯಲ್ಲಿ ಬರೀ ಅನ್ನ, ಅದರ ಮೇಲೆ ಸೋಯಾ ಸಾಸಿನ ನಾಲ್ಕು ಹನಿ. ನಾನು ಚಿತ್ರಾನ್ನ ಅರ್ಧ ಹಾಕಿದೆ. ಮೂಗಿಗೆ ಹಿಡಿದು ನೋಡಿ ತಿಂದರು. ಮರುದಿನ ನಾನು ಕುಳಿತಲ್ಲಿಗೆ ಅವರೇ ಬಂದರು. ನನ್ನ ಜಪಾನಿ ಆಗ ಮೂವತ್ತು ಮಾತು, ಅವರ ಇಂಗ್ಲಿಷು ಎರಡು. ಹೇಗೆ ಮಾತಾಡಿದೆವು ಎಂದು ಕೇಳಬೇಡಿ, ಬಡವರ ಮಾತಿಗೆ ಬಹಳ ಪದ ಬೇಕಾಗುವುದಿಲ್ಲ. ಕಾಲು ನೋವು, ಚಳಿ, ಅಕ್ಕಿ, ಮೇಲ್ವಿಚಾರಕನ ಮುಖ, ಇಷ್ಟೇ ತಾನೇ.

ಅವರು ನನ್ನ ಕಣ್ಣಾದರು. ಶಾಲೆಯಿಂದ ಬಂದ ಚೀಟಿ, ವಾರ್ಡ್ ಕಚೇರಿಯ ಲಕೋಟೆ, ಕಸ ಬೇರ್ಪಡಿಸುವ ಪಟ್ಟಿ, ಎಲ್ಲವನ್ನೂ ಊಟದ ಮೇಜಿನ ಮೇಲೆ ಹರಡುತ್ತಿದ್ದೆ. ಬೆರಳಿಟ್ಟು ಓದಿ, ಚಿತ್ರ ಬರೆದು, ಏನು ಮಾಡಬೇಕೆಂದು ಹೇಳುತ್ತಿದ್ದರು. ಫೋನಿನ ಕ್ಯಾಮೆರಾ ಹಿಡಿದರೆ ಅನುವಾದ ಆಗುತ್ತದಲ್ಲ ಎಂದು ನೀವು ಕೇಳಬಹುದು. ಅಚ್ಚಿನ ಅಕ್ಷರಕ್ಕೆ ಒಂದಿಷ್ಟು ಆಗುತ್ತದೆ. ಮಗಳ ಮೇಡಂ ಕೈಯಲ್ಲಿ ಬರೆದ ಚೀಟಿಗೆ ಹಿಡಿದರೆ 'ಚಳಿಗಾಲದ ಕುದುರೆ ಟೊಪ್ಪಿ ತರಲಿ' ಎಂದು ಬಂತು.

ಒಂದು ದಿನ ಮಿಯಾತಾ ಸಾನ್ ಸಣ್ಣ ಪೊಟ್ಟಣ ಕೊಟ್ಟರು. ಒಳಗೆ ಕಿರುಬೆರಳಿನಷ್ಟು ಉದ್ದದ ಮರದ ಕಡ್ಡಿ, ಅದರ ತುದಿಯಲ್ಲಿ ಮೂರು ಅಕ್ಷರ ಕೆತ್ತಿತ್ತು. ಹಾಂಕೋ, ಅಂದರೆ ಮುದ್ರೆ. ಕಾಗದಕ್ಕೆ ಇಲ್ಲಿನವರು ಸಹಿಗಿಂತ ಇದನ್ನೇ ಹೆಚ್ಚು ನಂಬುತ್ತಾರೆ. ಕೆಂಪು ಶಾಯಿಗೆ ಅದ್ದಿ ಒತ್ತಿದರೆ ಮುಗಿಯಿತು. ಶಾ, ರಾ, ದಾ ಎಂದು ಬೆರಳಿಟ್ಟು ತೋರಿಸಿದರು. ಅವರ ಚಪ್ಪಲಿಯ ಹಿಮ್ಮಡಿ ಹರಿದಿತ್ತು, ಹೊಸದು ಕೊಳ್ಳಬಹುದಾಗಿದ್ದ ಕಾಸಿನಲ್ಲಿ ನನಗೆ ಹೆಸರು ಕೆತ್ತಿಸಿದ್ದರು. ಅಮ್ಮ ಸತ್ತ ಮೇಲೆ ನನಗಾಗಿ ಯಾರಾದರೂ ಏನಾದರೂ ಮಾಡಿಸಿದ್ದು ಅದೇ ಮೊದಲು. ಒಂದು ಹಾಳೆಯ ಮೇಲೆ ಒತ್ತಿ ನೋಡಿದೆ. ಬೆರಳಿಗೆ ಶಾಯಿ ಅಂಟಿತು, ಯೋಚಿಸದೆ ತಲೆಗೂದಲಿಗೆ ಒರೆಸಿಕೊಂಡೆ. ಮಿಯಾತಾ ಸಾನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಆ ಚಳಿಗಾಲದಲ್ಲಿ ಅವರ ಮನೆಗೆ ಹೋದೆ. ನಮ್ಮದಕ್ಕಿಂತ ಸಣ್ಣ ಕೋಣೆ. ಕೋತಾತ್ಸು ಎಂದರೆ ಕೆಳಗೆ ಬಿಸಿ ಬರುವ, ರಜಾಯಿ ಹೊದಿಸಿದ ಗಿಡ್ಡ ಮೇಜು. ಅದು ಇತ್ತು, ಆದರೆ ವೈರನ್ನು ಪ್ಲಗ್ಗಿನಿಂದ ಕಿತ್ತು ಸುತ್ತಿಟ್ಟಿದ್ದರು. ಸರ್ಕಾರದ ಸಹಾಯ ಕೇಳಬಾರದೇ ಎಂದೆ. ಕೇಳಿದರೆ ವಾರ್ಡ್ ಕಚೇರಿಯವರು ತಮ್ಮನಿಗೆ ಪತ್ರ ಬರೆಯುತ್ತಾರಂತೆ, ನಿಮ್ಮಕ್ಕನನ್ನು ನೋಡಿಕೊಳ್ಳಲು ಆಗುತ್ತದೆಯೇ ಎಂದು. ಆ ಪತ್ರ ಅವನ ಕೈ ಸೇರುವ ಮೊದಲು ತಾನು ಸಾಯಬೇಕು ಎಂದರು. ಅದನ್ನು ಹೇಳುವಾಗಲೂ ನಗುತ್ತಲೇ ಇದ್ದರು, ಇಲ್ಲಿನವರು ಹಾಗೆ.

ಅದಾದ ವಾರದಲ್ಲೇ ಅವರು ಕಸದ ತೊಟ್ಟಿಗೆ ಹೋಗಬೇಕಿದ್ದ ಎರಡು ಡಬ್ಬಿಗಳನ್ನು ಎತ್ತಿ ಬಟ್ಟೆಯೊಳಗೆ ಸೇರಿಸಿದ್ದನ್ನು ಕಂಡೆ. ಎಸೆದದ್ದನ್ನು ಒಯ್ಯುವುದೂ ಅಲ್ಲಿ ಕಳ್ಳತನವೇ. ಬಾಗಿಲಲ್ಲಿ ಚೀಲ ನೋಡುತ್ತಾರೆ. ನನ್ನ ಸ್ಟೀಲಿನ ಟಿಫನ್ ಕ್ಯಾರಿಯರನ್ನು ಮಾತ್ರ ಯಾರೂ ಬಿಚ್ಚಿಸುತ್ತಿರಲಿಲ್ಲ. ಒಂದು ಸಲ ಬಿಚ್ಚಿಸಿ ಹುಳಿಯ ವಾಸನೆಗೆ ಮೇಲ್ವಿಚಾರಕ ಮೂರು ಹೆಜ್ಜೆ ಹಿಂದೆ ಸರಿದಿದ್ದ. ಮಿಯಾತಾ ಸಾನ್ ಕ್ಯಾರಿಯರನ್ನು ನೋಡಿದರು, ನನ್ನನ್ನು ನೋಡಿದರು. ನಾನು ಮುಚ್ಚಳ ತೆಗೆದೆ. ಚಳಿಗಾಲ ಪೂರ್ತಿ ಅವರ ಊಟ ನನ್ನ ಕ್ಯಾರಿಯರಿನಲ್ಲಿ ಹೊರಗೆ ಬಂತು. ಬಸ್ ಸ್ಟಾಪಿನ ಹಿಂದೆ ನಿಂತು ಅವರ ಚೀಲಕ್ಕೆ ದಾಟಿಸುತ್ತಿದ್ದೆ. ತಪ್ಪೆಂದು ನನಗೆ ಅನ್ನಿಸಲೇ ಇಲ್ಲ. ಈಗಲೂ ಅನ್ನಿಸುವುದಿಲ್ಲ.

ನಾನು ಕ್ಯಾರಿಯರ್ ಸಮೇತ ಸಿಕ್ಕಿಬಿದ್ದದ್ದು ಹೊಸ ಮೇಲ್ವಿಚಾರಕಿಯ ಕೈಯಲ್ಲಿ, ಮಟಮಟ ಮಧ್ಯಾಹ್ನ. ಕಚೇರಿಗೆ ಕರೆದೊಯ್ದು ಕೂರಿಸಿದರು. ಮ್ಯಾನೇಜರ್ ಬಡಬಡನೆ ಕೇಳಿದ, ಒಂದಕ್ಷರ ತಿಳಿಯಲಿಲ್ಲ. ನನ್ನ ಮಾತು ತಿಳಿಯುವವರು ಎಂದು ಮಿಯಾತಾ ಸಾನ್‌ರನ್ನೇ ಕರೆಸಿದರು. ಅವರನ್ನು ಕಂಡ ಕೂಡಲೇ ಜೀವ ಬಂದಂತಾಯಿತು. ಅವರು ನಿಂತಲ್ಲೇ ಸೊಂಟ ಬಗ್ಗಿಸಿ ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳಿದರು, ಆಮೇಲೆ ಬಹಳ ಹೊತ್ತು ಮಾತಾಡಿದರು. ನಡುವೆ ನನ್ನ ಹೆಸರು ನಾಲ್ಕಾರು ಸಲ ಬಂತು. ನನ್ನ ಪರವಾಗಿ ಬೇಡುತ್ತಿದ್ದಾರೆ ಎಂದುಕೊಂಡೆ. ಕೊನೆಗೆ ಮ್ಯಾನೇಜರ್ ಒಂದು ಹಾಳೆ ಕೊಟ್ಟ. ಹನ್ಸೇಬುನ್ ಎಂದರು ಮಿಯಾತಾ ಸಾನ್, ತಪ್ಪು ಮಾಡಿದವರು ತಮ್ಮ ತಪ್ಪನ್ನು ತಾವೇ ಬರೆದುಕೊಡುವ ಪತ್ರ. ಇಲ್ಲಿ ಮಗುವಿನಿಂದ ಮುದುಕರವರೆಗೆ ಎಲ್ಲರೂ ಬರೆಯುತ್ತಾರಂತೆ. ನನಗೆ ಬರೆಯಲು ಬಾರದಲ್ಲ, ಅವರೇ ಬರೆದರು. ನಿಧಾನವಾಗಿ, ಮುತ್ತು ಪೋಣಿಸಿದಂತೆ.

"ಒತ್ತು," ಎಂದರು ಮೆಲ್ಲಗೆ. "ಒತ್ತಿದರೆ ಮುಗೀತು."

ಅವರೇ ಕೆತ್ತಿಸಿಕೊಟ್ಟ ಮುದ್ರೆಯನ್ನು ತೆಗೆದು ಒತ್ತಿದೆ. ಅಮ್ಮನ ಮಾತು ನೆನಪಾಗಲಿಲ್ಲವೇ ಎಂದರೆ, ಆಯಿತು. ಆದರೆ ಅಮ್ಮ ಹೇಳಿದ್ದು ಮೋಸಗಾರರ ಬಗ್ಗೆ, ಇವರ ಬಗ್ಗೆ ಅಲ್ಲ ಎಂದುಕೊಂಡೆ.

ಮುಗಿಯಿತು ಎಂದದ್ದು ನಿಜವೇ. ಸೋಮವಾರದಿಂದ ಬರಬೇಡ ಎಂದರು. ಪತ್ರದ ಒಂದು ನಕಲು ಕೈಗಿತ್ತರು. ಬಸ್ ಸ್ಟಾಪಿನಲ್ಲಿ ಮಿಯಾತಾ ಸಾನ್ ನನ್ನ ಕೈ ಹಿಡಿದು ಅತ್ತರು. ಎಷ್ಟು ಹೇಳಿದರೂ ಮ್ಯಾನೇಜರ್ ಕೇಳಲಿಲ್ಲ ಎಂದರು. ಅವರ ಕೆಲಸ ಉಳಿಯಿತಲ್ಲ, ಅಷ್ಟು ಸಾಕು ಎಂದು ನಾನೇ ಅವರನ್ನು ಸಮಾಧಾನ ಮಾಡಿದೆ. ಸಮಾಧಾನ ಮಾಡಿದೆ ನೋಡಿ, ನಾನು.

ಮುಂದಿನದು ಕೆಟ್ಟ ವರ್ಷ. ಟೋಕಿಯೋದ ಮಿನಾಟೋ ಎಂಬಲ್ಲಿನ ಹೋಟೆಲೊಂದರಲ್ಲಿ ಕೋಣೆ ಗುಡಿಸುವ ಕೆಲಸ ಹಿಡಿಯಲು ನಾಲ್ಕು ತಿಂಗಳು ಬೇಕಾಯಿತು. ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಹೋದಲ್ಲೆಲ್ಲ ಕೇಳುತ್ತಿದ್ದರು, ನಾನು ತಲೆ ತಗ್ಗಿಸುತ್ತಿದ್ದೆ. ಈ ನಡುವೆಯೂ ವಾರಕ್ಕೊಮ್ಮೆ ಮಿಯಾತಾ ಸಾನ್ ಮನೆಗೆ ಸಾರು, ಪಲ್ಯ ಒಯ್ಯುತ್ತಿದ್ದೆ. ಮಂಜು ಗೊಣಗಿದ, "ಅವ್ರಿಗೋಸ್ಕರ ಕೆಲಸ ಕಳ್ಕೊಂಡೆ, ಈಗ ಊಟಾನೂ ಹೊತ್ಕೊಂಡ್ ಹೋಗ್ತೀಯಾ?" ನಾನು ಅವನ ಮೇಲೇ ಹಾರಿಬಿದ್ದೆ.

ಓದಿ ಹೇಳುವವರ ಆಸರೆ ಈಗ ದಿನವೂ ಇರಲಿಲ್ಲವಲ್ಲ, ಅದಕ್ಕೆ ಸಮುದಾಯ ಭವನದಲ್ಲಿ ನಡೆಯುವ ಪುಕ್ಕಟೆ ಜಪಾನಿ ತರಗತಿಗೆ ಸೇರಿದೆ. ಮಿಯಾತಾ ಸಾನ್‌ಗೆ ಹೇಳಿದಾಗ, ಯಾಕೆ ಕಷ್ಟಪಡುತ್ತೀ, ನಾನಿದ್ದೇನಲ್ಲ ಎಂದರು. ಅದು ಪ್ರೀತಿ ಎಂದುಕೊಂಡೆ. ನಾಲ್ಕು ಮನೆಯ ಬಟ್ಟೆ ಒಂದೇ ತಂತಿಯ ಮೇಲೆ ಹರವಿದಂತೆ ಕಾಣುತ್ತಿದ್ದ ಅಕ್ಷರಗಳು ಒಂದೊಂದಾಗಿ ಬೇರೆಯಾಗತೊಡಗಿದವು. ನಿಲ್ದಾಣದ ಹೆಸರು ಓದಿದೆ. ಔಷಧದ ಚೀಟಿ ಓದಿದೆ. ಚಿನ್ಮಯಿಯ ಮೇಡಂ ಬರೆದ ಚೀಟಿಯನ್ನು ಅವಳಿಗೇ ಓದಿ ಹೇಳಿದಾಗ, "ಸುಗೋಯಿ, ಅಮ್ಮಾ!" ಎಂದಳು, ಭೇಷ್ ಎಂಬಂತೆ. ಆ ದಿನ ಪಾಯಸ ಮಾಡಿದೆ.

ಇನ್ನು ಏನನ್ನಾದರೂ ಪೂರ್ತಿ ಓದಬೇಕು ಎನ್ನಿಸಿತು. ಟ್ರಂಕಿನಲ್ಲಿ ಪಾಸ್‌ಪೋರ್ಟುಗಳ ಕೆಳಗೆ ಆ ನಕಲು ಇತ್ತು. ಮಿಯಾತಾ ಸಾನ್ ನನಗಾಗಿ ಏನು ಬರೆದಿದ್ದರೋ ನೋಡೋಣ ಎಂಬ ಆಸೆ, ಸುಳ್ಳು ಹೇಳುವುದಿಲ್ಲ, ಅದರಲ್ಲಿ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಸಿಗಬಹುದು ಎಂಬ ಆಸೆಯೇ. ನಿಘಂಟು ಇಟ್ಟುಕೊಂಡು ಮೂರು ಮಧ್ಯಾಹ್ನ ಕುಳಿತೆ. ಮೊದಲ ಮಧ್ಯಾಹ್ನ, 'ನಾನೊಬ್ಬಳೇ' ಎಂಬುದನ್ನು ಬಿಡಿಸಿದೆ. ಎರಡನೆಯ ದಿನ, 'ತೆಗೆದುಕೊಂಡು ಹೋಗುತ್ತಿದ್ದೆ.' ಮೂರನೆಯ ದಿನ ಉಳಿದದ್ದು. 'ಮಿಯಾತಾ ಸಾನ್ ಹಲವು ಸಲ ಎಚ್ಚರಿಸಿದರು. ನಾನು ಕೇಳಲಿಲ್ಲ. ನಮ್ಮ ದೇಶದಲ್ಲಿ ಇದು ತಪ್ಪಲ್ಲ ಎಂದು ಅವರಿಗೆ ಹೇಳಿದೆ.' ಕೆಳಗೆ ಕೆಂಪಗೆ ಶಾ, ರಾ, ದಾ.

ಪರಭಾಷೆಯಲ್ಲಿ ನಾನು ಸ್ವಂತವಾಗಿ ಓದಿ ಮುಗಿಸಿದ ಮೊದಲ ಪತ್ರ ಅದು. ಇಲ್ಲಿಯವರೆಗೂ ಅವರು, ಅವರು ಎಂದು ಬರೆದಿದ್ದೇನೆ. ಆ ದಿನ ಏಕವಚನದಲ್ಲೇ ಬೈದೆ. ಗೋಡೆ ನೋಡಿಕೊಂಡು, ವಠಾರದ ನಲ್ಲಿಯ ಮುಂದೆ ಕಲಿತ ಎಲ್ಲ ಬೈಗುಳವನ್ನೂ ಕನ್ನಡದಲ್ಲಿ ಬೈದೆ. ಅಮ್ಮನಿಗಾದರೂ ಮೋಸ ಮಾಡಿದವನು ಯಾರೋ ಮೂರನೆಯವನು, ನನಗೆ ನನ್ನ ಅನ್ನ ತಿಂದವಳೇ ಕೈಕೊಟ್ಟಳು.

ಮರುದಿನ ಬೆಳಗ್ಗೆ ಹೋದೆ, ಕೈಯಲ್ಲಿ ಸಾರಿನ ಡಬ್ಬಿ ಇಲ್ಲದೆ. ಅವರು ಬಾಗಿಲು ತೆಗೆದು ನನ್ನ ಬರಿಗೈ ನೋಡಿದರು. ಪತ್ರವನ್ನು ಮೇಜಿನ ಮೇಲಿಟ್ಟೆ. ಅದರ ಕಡೆ ಅವರು ನೋಡಲೂ ಇಲ್ಲ.

"ಓದಿದೆಯಾ?"

"ಓದಿದೆ."

"ಒಬ್ಬಳೇ?"

"ಒಬ್ಬಳೇ."

"ಚೆನ್ನಾಗಿ ಕಲಿತೆ," ಎಂದರು. ವ್ಯಂಗ್ಯವಲ್ಲ, ನಿಜಕ್ಕೂ ಮೆಚ್ಚಿ ಹೇಳಿದ್ದು. ಅದಕ್ಕೇ ಸಿಟ್ಟು ಇನ್ನೂ ಏರಿತು. ಯಾಕೆ ಎಂದು ಕೇಳಿದೆ. ಅವರು ಪತ್ರವನ್ನು ನನ್ನ ಕಡೆಗೆ ಸರಿಸಿದರು.

"ಶಾರದಾ ಸಾನ್, ನಿನಗೆ ವಾಪಸ್ ಹೋಗೋಕೆ ಒಂದು ದೇಶ ಇದೆ. ನನಗೆ ಈ ಕೋಣೆ ಒಂದೇ. ಕೆಲಸ ಹೋದರೆ ತಮ್ಮನಿಗೆ ಆ ಪತ್ರ ಹೋಗುತ್ತೆ."

ಆ ದೇಶದಲ್ಲಿ ನನಗೆ ಏನಿದೆ ಎಂದು ಹೇಳಿದೆ. ನನಗೆ ಬರುವಷ್ಟು ಜಪಾನಿಯಲ್ಲೇ ಹೇಳಿದೆ. ಒಂಬತ್ತು ಮನೆ, ಒಂದು ನಲ್ಲಿ, ಅಮ್ಮನ ಹೆಬ್ಬೆಟ್ಟು, ಬಟ್ಟೆ ಅಂಗಡಿ, ಶೀಟಿನ ಕೋಣೆ. ಒಂದು ವರ್ಷ ಒಟ್ಟಿಗೆ ಊಟ ಮಾಡಿದ್ದೆವು, ಇದೊಂದನ್ನು ಅವರಿಗೆ ಹೇಳಿರಲಿಲ್ಲ, ಹೇಳುವಷ್ಟು ಭಾಷೆ ಇರಲಿಲ್ಲ. ಅವರು ತಲೆ ಎತ್ತದೆ ಕೇಳಿದರು. ಸುಮಿಮಾಸೆನ್ ಎನ್ನಲಿಲ್ಲ. ಮಾತಿಗೊಂದು ಸಲ ಅದನ್ನೇ ಹೇಳುವ ಊರಿನವರು, ಬೇಕಾದಾಗ ಒಂದು ಸಲ ಹೇಳಲಿಲ್ಲ. ನಾನು ಎದ್ದು ಬಂದೆ.

ವೀಸಾ ಮುಂದುವರಿಯಿತು, ಒಂದೇ ಒಂದು ವರ್ಷಕ್ಕೆ. ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಎಲ್ಲ ಕಾಗದ. ವೀಸಾದ ಹೊಸ ಕಾರ್ಡು ಬಂದ ವಾರವೇ ನನ್ನ ಹೆಸರಿಗೆ ಒಂದು ಲಕೋಟೆ ಬಂತು. ಒಳಗೆ ಒಂದು ಹಾಳೆ. ಕಠಿಣ ಅಕ್ಷರ ಒಂದೂ ಇರಲಿಲ್ಲ, ಮಕ್ಕಳಿಗೆ ಬರೆಯುವಂತೆ ಬಿಡಿಬಿಡಿಯಾಗಿ, ದೊಡ್ಡದಾಗಿ, ನನಗೆ ನಿಘಂಟು ಬೇಡವಾಗುವಂತೆ ಬರೆದಿದ್ದರು. 'ಶಾರದಾ ಸಾನ್ ತೆಗೆಯಲಿಲ್ಲ. ತೆಗೆದವಳು ನಾನು. ತಿಂದವಳು ನಾನು. ಅವಳ ಪತ್ರದಲ್ಲಿರುವುದೆಲ್ಲ ನಾನು ಬರೆದ ಸುಳ್ಳು.' ಕೆಳಗೆ ಅವರ ಪೂರ್ತಿ ಹೆಸರು, ಅವರ ಕೆಂಪು ಮುದ್ರೆ.

ಮೊದಲು ಅಳು ಬಂತು. ಆಮೇಲೆ ಸಿಟ್ಟು ಬಂತು, ಯಾಕೆಂದರೆ ಈ ಪತ್ರ ಕಾರ್ಖಾನೆಗೆ ಹೋಗಬೇಕಿತ್ತು. ಎಲ್ಲ ಗೊತ್ತಿದ್ದ ನನಗೆ ಬರೆದು ಏನು ಪ್ರಯೋಜನ? ಮಂಜು ಹಾಳೆಯನ್ನು ತಿರುಗಿಸಿ ನೋಡಿ, "ಇದನ್ನ ತಗೊಂಡ್ ಹೋಗಿ ಆ ಫ್ಯಾಕ್ಟ್ರಿಯವ್ರ ಮುಖಕ್ಕೆ ಹಿಡಿ, ನಿನ್ ಹೆಸ್ರು ಸರಿಯಾಗುತ್ತೆ," ಎಂದ. ಅವನು ಹೇಳಿದ್ದು ಸರಿ. ಹಿಡಿದರೆ ನನ್ನ ಮೇಲಿನ ಕಳಂಕ ಹೋಗುತ್ತದೆ, ಮುಂದಿನ ಅರ್ಜಿಗೆ ತಲೆ ಎತ್ತಿ ನಿಲ್ಲಬಹುದು. ಅವರ ಕೆಲಸ ಅದೇ ದಿನ ಹೋಗುತ್ತದೆ, ತಮ್ಮನಿಗೆ ವಾರ್ಡ್ ಕಚೇರಿಯ ಪತ್ರ ಹೋಗುತ್ತದೆ.

ಊರಿನ ಗೆಳತಿಯರು ಫೋನಿನಲ್ಲಿ ಕೇಳುತ್ತಾರೆ, ಈಗ ಜಪಾನು ನಿನ್ನದೇ ಅನ್ನಿಸುತ್ತದಾ ಎಂದು. ಅಲ್ಲಿ ನನ್ನ ಮನೆಯ ಜಾಗದಲ್ಲಿ ಸೀರೆ ಮಾರುತ್ತಾರೆ, ಇಲ್ಲಿ ವರ್ಷಕ್ಕೊಮ್ಮೆ ಇರಲೇ ಎಂದು ಕೇಳಬೇಕು. ಯಾವುದನ್ನು ನನ್ನದೆನ್ನಲಿ? ಟ್ರಂಕಿನಲ್ಲಿ ಪಾಸ್‌ಪೋರ್ಟುಗಳ ಕೆಳಗೆ ಎರಡು ಪತ್ರಗಳಿವೆ, ಒಂದರಲ್ಲಿ ನನ್ನ ಮುದ್ರೆ, ಇನ್ನೊಂದರಲ್ಲಿ ಅವರದು. ಮಿಯಾತಾ ಸಾನ್‌ರನ್ನು ನಾನು ಕ್ಷಮಿಸಿಲ್ಲ. ಅವರ ಮನೆಗೂ ಹೋಗುವುದಿಲ್ಲ.

ಎರಡನೆಯ ಪತ್ರವನ್ನು ನಾನು ಕಾರ್ಖಾನೆಯವರಿಗೆ ತೋರಿಸುವುದಿಲ್ಲ ಎಂದು ತಿಳಿದೇ ಅವರು ಅದನ್ನು ಕಳಿಸಿದರು. ನನ್ನನ್ನು ಅಷ್ಟು ಚೆನ್ನಾಗಿ ಓದಿದವರು ಈ ದೇಶದಲ್ಲೂ ಇಲ್ಲ, ಆ ದೇಶದಲ್ಲೂ ಇಲ್ಲ.